ವೆನಿಲಾ ಐಸ್‌ಕ್ರೀಮ್‌ನ ಆ ಕೊನೆಯ ಸ್ವರ

ಮೊನ್ನೆ ಹತ್ತೂವರೆಗೆಲ್ಲ ಮಲಗಿಬಿಡಬೇಕು ಅಂದುಕೊಂಡವಳು ರಾತ್ರಿ ಎರಡು ದಾಟಿದರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೇ ಇದ್ದೆ. ಕಾರಣ ಒಂದು ಹಾಡು. ಒಂದೇ ಹಾಡು, ಒಬ್ಬರೇ ಗಾಯಕಿ, ಎರಡು ಧ್ವನಿಮುದ್ರಣ. ಒಂದು 1963ರದು, ಇನ್ನೊಂದು 2001ರ ಕಾರ್ನೆಗಿ ಹಾಲ್ ಕಛೇರಿಯದು. ಮೊದಲನೆಯದನ್ನು ಹಾಡಿದಾಗ ಆಕೆಗೆ ಮೂವತ್ತೈದು. ಎರಡನೆಯದಕ್ಕೆ ಎಪ್ಪತ್ತಮೂರು! ನಡುವೆ ಮೂವತ್ತೆಂಟು ವರ್ಷ. ಅಷ್ಟು ವರ್ಷ ಒಂದು ಕಂಠದ ಮೇಲೆ ಏನೆಲ್ಲ ಮಾಡಬಹುದು, ಒಂದು ಬದುಕಿನ ಮೇಲೆ ಏನೆಲ್ಲ ಮಾಡಬಹುದು, ಯೋಚಿಸಿ. ಆದರೂ ಹಾಡಿನ ತುದಿಯಲ್ಲಿ ಆ ಏರು ಬರುತ್ತದಲ್ಲ, ಅಲ್ಲಿಗೆ ಆಕೆ ಹೋಗುತ್ತಾರೆ. ಹೋಗಿ ನಿಲ್ಲುತ್ತಾರೆ. ಕಾರ್ನೆಗಿ ಹಾಲ್‌ನ ಜನ ತಡೆಯಲಾರದೆ ಕೂಗುತ್ತಾರೆ. ಕತ್ತಲ ಕೋಣೆಯಲ್ಲಿ ನಾನೂ ಸಣ್ಣಗೆ ಕೂಗಿದೆ.

ಹೆಸರು ಬಾರ್ಬರಾ ಕುಕ್. ಇಷ್ಟು ವರ್ಷ ಈ ಹೆಸರು ನನ್ನ ಕಿವಿಗೆ ಬೀಳದೇ ಹೇಗೆ ಉಳಿಯಿತು!

ಮೊದಲು ಆ ಹಾಡಿನ ಕಥೆ ಹೇಳಬೇಕು, ಇಲ್ಲದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ನಾಟಕ ‘ಷಿ ಲವ್ಸ್ ಮಿ’, ಸಂಗೀತ ಜೆರ್ರಿ ಬಾಕ್ ಅವರದು, ಸಾಹಿತ್ಯ ಶೆಲ್ಡನ್ ಹಾರ್ನಿಕ್ ಅವರದು. ಹಂಗೇರಿಯ ಮಿಕ್ಲೋಶ್ ಲಾಸ್ಲೋ ಬರೆದ ಒಂದು ನಾಟಕ ಇದರ ಮೂಲ; ‘ಯೂವ್ ಗಾಟ್ ಮೇಲ್’ ಸಿನಿಮಾ ನೋಡಿದವರಿಗೆ ಅದೇ ಮೂಲದ ಕಥೆ ಗೊತ್ತು. ಬುಡಾಪೆಸ್ಟ್‌ನ ಒಂದು ಸುಗಂಧದ್ರವ್ಯದ ಅಂಗಡಿ. ಅಲ್ಲಿ ಕೆಲಸ ಮಾಡುವ ಅಮಾಲಿಯಾಗೂ ಜಾರ್ಜ್‌ಗೂ ಎಣ್ಣೆ ಸೀಗೆಕಾಯಿ. ಆದರೆ ಇಬ್ಬರೂ ಮುಖ ನೋಡದ ಒಬ್ಬ ಗೆಳೆಯನಿಗೆ, ಗೆಳತಿಗೆ ಪತ್ರ ಬರೆಯುತ್ತಿರುತ್ತಾರೆ, ಆ ಪತ್ರ ಹೋಗುವುದು ಒಬ್ಬರಿಂದ ಇನ್ನೊಬ್ಬರಿಗೇ. ಇದು ಮೊದಲು ತಿಳಿಯುವುದು ಜಾರ್ಜ್‌ಗೆ. ಅಮಾಲಿಯಾ ಬೇಸರದಿಂದ ಹಾಸಿಗೆ ಹಿಡಿದಾಗ ಅವನು ಅವಳ ಕೋಣೆಗೆ ಬಂದು ವೆನಿಲಾ ಐಸ್‌ಕ್ರೀಮ್ ಕೊಟ್ಟು ಹೋಗುತ್ತಾನೆ. ಅವನು ಹೋದಮೇಲೆ ಅವಳು ಪತ್ರ ಬರೆಯಲು ಕೂರುತ್ತಾಳೆ, ಮುಖ ನೋಡದ ಆ ಗೆಳೆಯನಿಗೆ. ಒಂದು ಸಾಲು ಬರೆಯುತ್ತಾಳೆ, ಮನಸ್ಸು ಐಸ್‌ಕ್ರೀಮ್ ತಂದವನ ಕಡೆ ಹೋಗುತ್ತದೆ. ಎಳೆದು ತಂದು ಇನ್ನೊಂದು ಸಾಲು, ಮತ್ತೆ ಅದೇ. ಹಾಡಿನುದ್ದಕ್ಕೂ ಪತ್ರ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಪ್ರೀತಿಸುತ್ತಿದ್ದೇನೆ ಅನ್ನುವುದು ಅವಳಿಗೆ ಗೊತ್ತಾಗುವ ಮೊದಲೇ ಅವಳ ದನಿಗೆ ಗೊತ್ತಾಗಿಬಿಡುತ್ತದೆ! ಕೊನೆಯಲ್ಲಿ ಸ್ವರ ಹಾರಿ ಮೇಲಿನ ‘ಬಿ’ಗೆ ಏರುವುದು ಅದಕ್ಕೇ. ಅದೊಂದು ಗುಟ್ಟು ಬಾಯಿಬಿಟ್ಟ ಸದ್ದು.

ಈ ಹಾಡನ್ನು ಮೊದಲು ಹಾಡಿದವರೇ ಬಾರ್ಬರಾ. 1963ರ ಏಪ್ರಿಲ್ 23, ನ್ಯೂಯಾರ್ಕಿನ ಯೂಜಿನ್ ಓನೀಲ್ ರಂಗಮಂದಿರ. ನಾಟಕ 302 ಪ್ರದರ್ಶನ ಕಂಡು ನಿಂತಿತು. ಹಾಡು ನಿಲ್ಲಲಿಲ್ಲ. ವೇಷ, ಪರದೆ, ಅಂಗಡಿಯ ಸೆಟ್ಟು ಎಲ್ಲ ಕಳಚಿಬಿದ್ದ ಮೇಲೂ ಆಕೆ ಅದನ್ನು ಹೊತ್ತುಕೊಂಡು ದಶಕಗಳ ಕಾಲ ತಿರುಗಿದರು. ಹೋಟೆಲಿನ ಪುಟ್ಟ ಕೋಣೆಗಳಲ್ಲಿ, ಒಂದು ಪಿಯಾನೊ ಪಕ್ಕ, ಕ್ಯಾಬರೆ ಗಾಯಕಿಯಾಗಿ.

ಕ್ಯಾಬರೆ ಅಂದಕೂಡಲೇ ನಮ್ಮಲ್ಲಿ ಹಲವರ ಕಣ್ಣಿಗೆ ಬರುವುದು ಎಪ್ಪತ್ತರ ದಶಕದ ಸಿನಿಮಾದ ಆ ಕೆಂಪು ದೀಪ, ಮಿಣಮಿಣ ಉಡುಪು, ಖಳನ ಅಡ್ಡೆ. ನನ್ನ ತಲೆಯಲ್ಲೂ ಅದೇ ಇತ್ತು. ನ್ಯೂಯಾರ್ಕಿನ ಕ್ಯಾಬರೆ ಬೇರೆಯದೇ ಲೋಕ. ಮ್ಯಾಡಿಸನ್ ಅವೆನ್ಯೂ ಮೇಲಿನ ಕಾರ್ಲೈಲ್ ಹೋಟೆಲಿನ ಕೆಫೆ ಕಾರ್ಲೈಲ್ ನೋಡಿ: ಗೋಡೆಗಳ ಮೇಲೆ ಮಾರ್ಸೆಲ್ ವೆರ್ಟೆಸ್ ಬಿಡಿಸಿದ ಚಿತ್ರಗಳು, ನೂರರ ಆಸುಪಾಸು ಜನ ಕೂರುವಷ್ಟು ಜಾಗ, ಮೊದಲ ಮೇಜಿನವರು ಕೈ ಚಾಚಿದರೆ ಪಿಯಾನೊ ಮುಟ್ಟಬಹುದೇನೋ ಅನ್ನುವಷ್ಟು ಹತ್ತಿರ. ನಮ್ಮ ಬೈಠಕ್ಕಿನ ಹಾಗೆ ಅಂದರೆ ಹೆಚ್ಚು ಸರಿ. ಗಾಯಕಿ ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ಅವಳ ಕಣ್ಣು ಯಾರ ಮೇಲಿದೆ ಎಂಬುದೂ ಗೊತ್ತಾಗುತ್ತದೆ. ಮೇಬಲ್ ಮರ್ಸರ್ ಎಂಬ ಮಹಾಗಾಯಕಿ ಇಂಥ ಕೋಣೆಗಳಲ್ಲಿ ಒಂದು ಕುರ್ಚಿಯ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಬರೀ ಮಾತಿನ ಹಾಗೆ ಹಾಡುತ್ತಿದ್ದರಂತೆ. ಫ್ರಾಂಕ್ ಸಿನಾತ್ರಾ ಆಕೆಯಿಂದ ಕಲಿತೆ ಎಂದು ಹೇಳಿಕೊಂಡವರು. ನಾಟಕದ ಹಾಡನ್ನು ನಾಟಕದಿಂದ ಬಿಡಿಸಿ, ಬರಿಗೈಯಲ್ಲಿ ಎದುರಿಗಿಡುವುದು ಈ ಕೋಣೆಗಳ ಕಸುಬು. ರಂಗಗೀತೆಗಳನ್ನು ಒಂದು ಹಾರ್ಮೋನಿಯಂ ಜೊತೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗಲು ಹೊತ್ತು ಬೇಕಿಲ್ಲ.

ಆದರೆ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಆಕೆಯ ಬಾಲ್ಯದ ಒಂದು ಸಂಗತಿ. ಬಾರ್ಬರಾ ಹುಟ್ಟಿದ್ದು 1927ರಲ್ಲಿ, ಅಮೆರಿಕದ ದಕ್ಷಿಣದ ಅಟ್ಲಾಂಟಾದಲ್ಲಿ. ಅಪ್ಪ ಊರೂರು ಸುತ್ತಿ ಟೋಪಿ ಮಾರುವವರು, ಅಮ್ಮ ಟೆಲಿಫೋನ್ ಆಪರೇಟರ್. ಒಬ್ಬಳೇ ತಂಗಿ ನಾಯಿಕೆಮ್ಮಿನಿಂದ ತೀರಿಕೊಂಡಳು. ಅಪ್ಪ ಅಮ್ಮ ಬೇರೆಯಾದರು. ಎರಡಕ್ಕೂ ತಾನೇ ಕಾರಣ ಎಂದು ಆ ಮಗು ನಂಬಿಕೊಂಡುಬಿಟ್ಟಿತ್ತು ಎಂಬುದನ್ನು ಮುಂದೆ ದೊಡ್ಡವರಾದ ಮೇಲೆ ಬಾರ್ಬರಾ ಹೇಳಿಕೊಂಡಿದ್ದಾರೆ. ಆ ಪುಟ್ಟ ಹುಡುಗಿ ಫೋನಿನಲ್ಲಿ ಅಪ್ಪನಿಗೆ ಹಾಡು ಹೇಳುತ್ತಿದ್ದಳು! ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮುಖ ಕಾಣದು. ಚಪ್ಪಾಳೆ ಇಲ್ಲ. ತಂತಿಯ ಆ ತುದಿಯಲ್ಲಿ ಒಂದೇ ಒಂದು ಕಿವಿ. ಮುಂದೆ ಕಾಗದದ ಎದುರು ಕೂತು ಕಾಣದ ಗೆಳೆಯನಿಗೆ ಹಾಡುವ ಅಮಾಲಿಯಾ ಆಕೆಯ ಪಾಲಿಗೆ ಬಂದದ್ದು ಕಾಕತಾಳೀಯವೇ ಇರಬಹುದು. ನನಗಂತೂ ಹಾಗೆ ಅನ್ನಿಸುತ್ತಿಲ್ಲ.

ಶಾಲೆ ಮುಗಿಸಿ ಮೂರು ವರ್ಷ ಟೈಪಿಸ್ಟ್ ಕೆಲಸ. 1948ರಲ್ಲಿ ಅಮ್ಮನ ಜೊತೆ ನ್ಯೂಯಾರ್ಕ್ ನೋಡಲು ಹೋದವರು ಅಮ್ಮನನ್ನು ಊರಿಗೆ ಕಳಿಸಿ ತಾವು ಅಲ್ಲೇ ಉಳಿದುಬಿಟ್ಟರು. 1950ರಲ್ಲಿ ಬ್ಲೂ ಏಂಜೆಲ್ ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಡುವ ಅವಕಾಶ ಸಿಕ್ಕಿತು. ಆ ಕಾಲದ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಜಾಗದಲ್ಲಿ ಹಾಡಬೇಕಾದರೆ ಕಲಾವಿದರು ಪೊಲೀಸರಿಗೆ ಬೆರಳಚ್ಚು ಕೊಟ್ಟು ಒಂದು ಕಾರ್ಡು ಪಡೆಯಬೇಕಿತ್ತು. ಬಿಲ್ಲಿ ಹಾಲಿಡೇ ಅಂಥ ಗಾಯಕಿ ಆ ಕಾರ್ಡು ರದ್ದಾಗಿ ವರ್ಷಗಟ್ಟಲೆ ಆ ಊರಿನ ಕ್ಲಬ್ಬುಗಳಲ್ಲಿ ಹಾಡಲಾಗದೆ ಹೋದರು. ಹಾಡಲು ಬೆರಳಚ್ಚು! ಇರಲಿ. 1951ರಲ್ಲಿ ‘ಫ್ಲಹೂಲಿ’ ನಾಟಕದೊಂದಿಗೆ ಬಾರ್ಬರಾ ನ್ಯೂಯಾರ್ಕಿನ ದೊಡ್ಡ ರಂಗಭೂಮಿಯಾದ ಬ್ರಾಡ್‌ವೇಗೆ ಕಾಲಿಟ್ಟರು. ಅದು 40 ಪ್ರದರ್ಶನಕ್ಕೆ ಮುಗಿಯಿತು.

ಆಮೇಲೆ 1956ರಲ್ಲಿ ‘ಕ್ಯಾಂಡೀಡ್’. ಲೆನರ್ಡ್ ಬರ್ನ್‌ಸ್ಟೈನ್ ಸಂಗೀತ. ಇದನ್ನು ಕೇಳಿದ ಮೇಲೆ ನಾನು ಎದ್ದು ಒಂದು ಸುತ್ತು ಓಡಾಡಿ ಬಂದೆ. ನಾಯಕಿ ಕ್ಯುನೆಗಾಂಡ್‌ಳ ಒಂದು ಹಾಡಿದೆ, ಅಳುತ್ತಾ ಅಳುತ್ತಾ ಒಡವೆ ನೋಡಿ ನಗುವ ಹಾಡು. ಒಪೆರಾದಲ್ಲೇ ಬದುಕು ಸವೆಸಿದವರೂ ಇದಕ್ಕೆ ಹೆದರುತ್ತಾರೆ. ಪಿಯಾನೊ ಮಣೆಯ ನಡುವಿನ ‘ಸಿ’ಯಿಂದ ಎರಡು ಸ್ಥಾಯಿ ಮೇಲೆ ಹೋದರೆ ಸಿಗುವುದು ‘ಹೈ ಸಿ’. ಆ ಪಾತ್ರದ ಒಟ್ಟು ಹಾಡುಗಾರಿಕೆಯಲ್ಲಿ ಅಂಥವು 21, ಅದಕ್ಕೂ ಮೇಲಿನ ‘ಇ ಫ್ಲ್ಯಾಟ್’ ನಾಲ್ಕು ಬರುತ್ತವೆ ಎಂದು ಬಾರ್ಬರಾ ತಾವೇ ಲೆಕ್ಕ ಇಟ್ಟಿದ್ದರು. ಒಪೆರಾ ಗಾಯಕಿಯಲ್ಲದ ಒಬ್ಬರು ಅದನ್ನು ವಾರಕ್ಕೆ ಹಲವು ಸಲ ಹಾಡಿದರು, ಮೈಗೆ ಮೈಕ್ ಕಟ್ಟದ ಆ ಕಾಲದಲ್ಲಿ! ನಾಟಕ ಬಿದ್ದುಹೋಯಿತು. 73 ಪ್ರದರ್ಶನ ಅಷ್ಟೇ.

ಅದು ಬಿದ್ದರೂ ನಾನಿಂದು ಅದನ್ನು ಕೇಳುತ್ತಿದ್ದೇನಲ್ಲ, ಹೇಗೆ? ಇಲ್ಲಿ ಒಂದು ಪುಟ್ಟ ಕಪ್ಪು ತಟ್ಟೆಗೆ ಕೈ ಮುಗಿಯಬೇಕು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ರೆಕಾರ್ಡು ತಂದಿತು. ಅದುವರೆಗೆ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಇಪ್ಪತ್ತು ನಿಮಿಷಕ್ಕೂ ಹೆಚ್ಚು! ಒಂದು ಇಡೀ ಸಂಗೀತ ನಾಟಕದ ಹಾಡುಗಳು ಒಂದೇ ತಟ್ಟೆಯಲ್ಲಿ ಕೂರತೊಡಗಿದವು. ಆ ಕಂಪನಿಯ ಗಾಡರ್ಡ್ ಲೀಬರ್‌ಸನ್ ನಾಟಕದ ಮೂಲ ಕಲಾವಿದರನ್ನೇ ಸ್ಟುಡಿಯೊಗೆ ಕರೆತಂದು ಹಾಡಿಸುವುದನ್ನು ಒಂದು ಕಲೆಯಾಗಿ ಬೆಳೆಸಿದರು. ‘ಕ್ಯಾಂಡೀಡ್’ ತೆರೆ ಎಳೆಯಿತು, ಅದರ ರೆಕಾರ್ಡು ಮನೆಮನೆಗಳಲ್ಲಿ ತಿರುಗುತ್ತಲೇ ಇತ್ತು.

‘ಕ್ಯಾಂಡೀಡ್’ ಬಂದ ಮರುವರ್ಷವೇ ‘ದಿ ಮ್ಯೂಸಿಕ್ ಮ್ಯಾನ್’. ಅಯೋವಾದ ಒಂದು ಸಣ್ಣ ಊರಿಗೆ ಬರುವ ಮಾತಿನ ಮಲ್ಲ ಮೋಸಗಾರನಾಗಿ ರಾಬರ್ಟ್ ಪ್ರೆಸ್ಟನ್, ಅವನ ಮೋಸ ಕಂಡುಹಿಡಿದೂ ಅವನನ್ನು ಪ್ರೀತಿಸುವ ಗ್ರಂಥಪಾಲಕಿ ಮೇರಿಯನ್ ಆಗಿ ಬಾರ್ಬರಾ. 1,375 ಪ್ರದರ್ಶನ ಕಂಡ ನಾಟಕ. 1958ರಲ್ಲಿ ಆಕೆಗೆ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಸಿನಿಮಾ ಮಾಡಿದಾಗ ಮಾತ್ರ ಆ ಪಾತ್ರ ಷರ್ಲಿ ಜೋನ್ಸ್ ಅವರಿಗೆ ಹೋಯಿತು. ಬಾರ್ಬರಾರ ಮೇರಿಯನ್ ನಮಗೆ ಉಳಿದಿರುವುದು ಮುಖ್ಯವಾಗಿ ಕಿವಿಗೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲವೂ ಜಾರತೊಡಗಿತು. ರಾಕ್ ಸಂಗೀತ ಬಂತು, ಮುಗ್ಧ ನಾಯಕಿಯರ ಕಾಲ ಹೋಯಿತು. ಮದುವೆ ಮುರಿಯಿತು. ಖಿನ್ನತೆ, ಕುಡಿತ, ಏರುತ್ತ ಹೋದ ಮೈತೂಕ. ಕೆಲಸ ಇಲ್ಲ. 2016ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆಕೆ ಇದ್ಯಾವುದನ್ನೂ ಮುಚ್ಚಿಟ್ಟಿಲ್ಲ. ನಾನು ಇದನ್ನು ಬೇಗ ದಾಟಿ ಹೋಗುತ್ತಿದ್ದೇನೆ, ಯಾಕೆಂದರೆ ಆಕೆಯ ಬಗ್ಗೆ ಬರೆಯುವವರೆಲ್ಲ ಇಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ನನಗೆ ಮುಂದಿನದು ಮುಖ್ಯ.

ಮುಂದಿನದು ವಾಲಿ ಹಾರ್ಪರ್.

ಹಾರ್ಪರ್ ಪಿಯಾನೊ ವಾದಕ, ಸಂಯೋಜಕ, ಆಕೆಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವರು. 1974ರಲ್ಲಿ ಇಬ್ಬರೂ ಸಂಗೀತದಲ್ಲಿ ಜೊತೆಯಾದರು. ಅಲ್ಲಿಂದ ಮೂವತ್ತು ವರ್ಷ! ಆಗ ಶುರುಮಾಡಿದ್ದು ‘ಬ್ರದರ್ಸ್ ಅಂಡ್ ಸಿಸ್ಟರ್ಸ್’ ಎಂಬ ಒಂದು ಚಿಕ್ಕ ಕ್ಲಬ್ಬಿನಲ್ಲಿ. ಮರುವರ್ಷ, 1975ರ ಜನವರಿ 26ರಂದು, ಕಾರ್ನೆಗಿ ಹಾಲ್. ಯೋಚಿಸಿ: ನಾಲ್ಕು ವರ್ಷದ ಹಿಂದೆ, 1971ರಲ್ಲಿ ಆಕೆಯ ಬ್ರಾಡ್‌ವೇ ನಾಟಕ ಏಳು ಪ್ರದರ್ಶನಕ್ಕೆ ಮುಚ್ಚಿಹೋಗಿತ್ತು. ಈಗ ನಲವತ್ತೇಳರ ಹೆಂಗಸು ಯಾವ ಪಾತ್ರವೂ ಇಲ್ಲದೆ, ಯಾವ ವೇಷವೂ ಇಲ್ಲದೆ, ಬರೀ ತಾನಾಗಿ ಬಂದು ನಿಂತಿದ್ದಾರೆ. ಆ ರಾತ್ರಿಯ ಮುದ್ರಣ ಸಿಗುತ್ತದೆ, ದಯವಿಟ್ಟು ಹುಡುಕಿ ಕೇಳಿ. ಜನ ಎದ್ದುನಿಂತು ಹೊಡೆಯುವ ಚಪ್ಪಾಳೆಯಲ್ಲಿ, ಕಳೆದುಹೋಗಿದ್ದಾಳೆ ಅಂದುಕೊಂಡಿದ್ದ ಮನೆಮಗಳು ಬಾಗಿಲು ತಟ್ಟಿದಾಗಿನ ಸಂಭ್ರಮ ಇದೆ. ಎರಡು ವರ್ಷದ ನಂತರ ಆಕೆ ಕುಡಿತ ಬಿಟ್ಟರು.

ಹಾರ್ಪರ್ ನುಡಿಸುವುದನ್ನು ಗಮನಿಸಿ ಕೇಳಿದರೆ ಒಂದು ವಿಷಯ ತಿಳಿಯುತ್ತದೆ. ಅವರು ಆಕೆಯ ಹಿಂದೆ ಓಡುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಆಕೆ ಒಂದು ಪದದ ಮುಂದೆ ಅರೆಗಳಿಗೆ ತಡೆದರೆ ಪಿಯಾನೊ ಕೂಡ ಉಸಿರು ಹಿಡಿಯುತ್ತದೆ. ಒಳ್ಳೆಯ ಹಾರ್ಮೋನಿಯಂ ಸಾಥಿ ಗಾಯಕರ ಮುಖ ನೋಡುತ್ತಾ ನುಡಿಸುತ್ತಾರಲ್ಲ, ಆ ಬಗೆಯ ಸಾಂಗತ್ಯ. ಆಮೇಲೆ ಕಾರ್ಯಕ್ರಮಗಳ ಮೇಲೆ ಕಾರ್ಯಕ್ರಮ: ಮೈಕೆಲ್ಸ್ ಪಬ್, ಕೆಫೆ ಕಾರ್ಲೈಲ್, ಲಂಡನ್ನಿನ ಡಾನ್‌ಮರ್ ವೇರ್‌ಹೌಸ್. ಡೊರೊಥಿ ಫೀಲ್ಡ್ಸ್ ಬರೆದ ಹಾಡುಗಳದೇ ಒಂದು ಆಲ್ಬಮ್, ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಸಾಹಿತ್ಯದ್ದೇ ಇನ್ನೊಂದು. ಗೌರವ ಸಲ್ಲಿಕೆ ಅಂದರೆ ಹಾರ ಹಾಕಿ ಕೈ ಮುಗಿಯುವುದು ಎಂದುಕೊಂಡಿದ್ದೆ. ಬಾರ್ಬರಾರದು ಹಾಗಲ್ಲ. ಬೀಗ ಹಾಕಿದ ಮನೆಗೆ ಹೋಗಿ, ಕಸ ಗುಡಿಸಿ, ಒಲೆ ಹಚ್ಚಿ, ಅಲ್ಲೇ ಸಂಸಾರ ಹೂಡಿದ ಹಾಗೆ!

1985ರ ಸೆಪ್ಟೆಂಬರಿನ ಎರಡು ರಾತ್ರಿಗಳ ಬಗ್ಗೆ ಹೇಳದೆ ಇರಲಾರೆ. ಸ್ಟೀಫನ್ ಸಾಂಡ್‌ಹೈಮ್ ಹಾಡುಗಳನ್ನು ಬರೆದ ‘ಫಾಲೀಸ್’ ನಾಟಕ 1971ರದು. ಅದರ ಮೊದಲ ರೆಕಾರ್ಡಿನಲ್ಲಿ ಹಾಡುಗಳನ್ನು ಕತ್ತರಿಸಿ ಒಂದೇ ತಟ್ಟೆಗೆ ತುರುಕಿದ್ದು ಅಭಿಮಾನಿಗಳಿಗೆ ಮಾಯದ ಗಾಯವಾಗಿತ್ತು. ಅದನ್ನು ಪೂರ್ತಿಯಾಗಿ ಮುದ್ರಿಸಲೆಂದೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಂದಿಗೆ ಏವರಿ ಫಿಷರ್ ಹಾಲ್‌ನಲ್ಲಿ ಎರಡು ದಿನ ಹಾಡಿಸಿದರು. ಕಥೆ ಇಷ್ಟು: ಕೆಡವಲಿರುವ ಒಂದು ರಂಗಮಂದಿರದಲ್ಲಿ ಹಳೆಯ ನರ್ತಕಿಯರೆಲ್ಲ ಸೇರುತ್ತಾರೆ. ಅವರಲ್ಲಿ ಸ್ಯಾಲಿ ಎಂಬಾಕೆ ಮದುವೆಯಾಗಿ ದಶಕಗಳಾದರೂ ಇನ್ನೊಬ್ಬನನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾಳೆ. ಆ ಸ್ಯಾಲಿ ಬಾರ್ಬರಾ. ವಯಸ್ಸು ಐವತ್ತೇಳು. ‘ಲೂಸಿಂಗ್ ಮೈ ಮೈಂಡ್’ ಹಾಡನ್ನು ಆಕೆ ಎಷ್ಟು ಕಡಿಮೆ ಮಾಡಿ ಹಾಡುತ್ತಾರೆಂದರೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಯಾರೋ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗಿದೆ. ಅಳು ಇಲ್ಲ. ಅಳುವುದು ಕೇಳುವವರು.

ಈ ಸಾಂಡ್‌ಹೈಮ್ ಮತ್ತು ಹ್ಯಾಮರ್‌ಸ್ಟೈನ್ ನಂಟು ಕೂಡ ಎಂಥದ್ದು! ತಂದೆತಾಯಿ ಬೇರೆಯಾದ ಮೇಲೆ ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಬೆಳೆದ ಹುಡುಗ ಸಾಂಡ್‌ಹೈಮ್‌ಗೆ ನೆರೆಯ ಮನೆಯ ಹ್ಯಾಮರ್‌ಸ್ಟೈನ್ ಎರಡನೇ ತಂದೆಯಂತಾದರು. ಹದಿನೈದರ ಹುಡುಗ ತಾನು ಬರೆದ ಶಾಲೆಯ ನಾಟಕ ತೋರಿಸಿದಾಗ ಅದು ಎಷ್ಟು ಕೆಟ್ಟದಾಗಿದೆ ಎಂದು ಮುಖಕ್ಕೆ ಹೇಳಿ, ಆಮೇಲೆ ಒಂದು ಮಧ್ಯಾಹ್ನವಿಡೀ ಕೂತು ಯಾಕೆ ಎಂದು ಸಾಲು ಸಾಲಾಗಿ ಬಿಡಿಸಿ ಹೇಳಿದರಂತೆ. ಆ ಗುರುವಿನ ಹಾಡುಗಳನ್ನು ರಂಗದ ಮೇಲೆ ಹಾಡಿ, ಆ ಶಿಷ್ಯನ ಹಾಡುಗಳಿಗೆ ಮುಪ್ಪಿನಲ್ಲಿ ದನಿಯಾದವರು ಬಾರ್ಬರಾ.

ಸಾಂಡ್‌ಹೈಮ್ ಅವರಿಗೆ ಎಪ್ಪತ್ತಾದಾಗ, 2000ದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಕಛೇರಿ ಏರ್ಪಡಿಸಿತು. ಆಗ ಅವರು ಒಂದು ಪಟ್ಟಿ ಕೊಟ್ಟರು: ತಾವೇ ಬರೆದಿದ್ದರೆ ಎಂದು ಆಸೆಪಟ್ಟ, ಬೇರೆಯವರ ಹಾಡುಗಳು! ದೊಡ್ಡ ಕವಿಯೊಬ್ಬ ತನ್ನ ಹೊಟ್ಟೆಕಿಚ್ಚಿನ ಪಟ್ಟಿಯನ್ನು ಪ್ರೀತಿಯಿಂದ ಬಹಿರಂಗ ಮಾಡಿದ ಹಾಗೆ. ಆ ಪಟ್ಟಿಯನ್ನು ಹಿಡಿದು ಬಾರ್ಬರಾ ಮತ್ತು ಹಾರ್ಪರ್ ಕಟ್ಟಿದ ಕಾರ್ಯಕ್ರಮವೇ ‘ಮೋಸ್ಟ್‌ಲಿ ಸಾಂಡ್‌ಹೈಮ್’. ಅವರ ಹಾಡುಗಳು, ನಡುನಡುವೆ ಅವರು ಆಸೆಪಟ್ಟ ಹಾಡುಗಳು. 2001ರ ಫೆಬ್ರವರಿಯಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಅದು ನಡೆಯಿತು, ಮುಂದಿನ ವರ್ಷ ಲಿಂಕನ್ ಸೆಂಟರಿಗೆ ಹೋಯಿತು. ನನ್ನ ನಿದ್ದೆ ಕೆಡಿಸಿದ ವೆನಿಲಾ ಐಸ್‌ಕ್ರೀಮ್ ಇರುವುದು ಆ ಕಾರ್ನೆಗಿ ರಾತ್ರಿಯ ಮುದ್ರಣದಲ್ಲೇ.

2006ರ ಜನವರಿಯಲ್ಲಿ ಮೆಟ್ರೊಪಾಲಿಟನ್ ಒಪೆರಾ ಆಕೆಯ ಏಕವ್ಯಕ್ತಿ ಕಛೇರಿ ನಡೆಸಿತು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕ ಆ ಸಂಸ್ಥೆಯ ಚರಿತ್ರೆಯಲ್ಲಿ ಒಪೆರಾದ ಹೊರಗಿನ ಜನಪ್ರಿಯ ಸಂಗೀತದ ಗಾಯಕಿಯೊಬ್ಬರಿಗೆ ಇಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. 3,800 ಆಸನದ ಸಭಾಂಗಣ, ಎಪ್ಪತ್ತೆಂಟು ವಯಸ್ಸು! ಆದರೆ ಪಕ್ಕದಲ್ಲಿ ಹಾರ್ಪರ್ ಇರಲಿಲ್ಲ. 2004ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಿದ್ದರು. ಅವರ ನೆನಪಿಗೆ ಬಾರ್ಬರಾ ಮಾಡಿದ ಆಲ್ಬಮ್ಮಿನ ಹೆಸರು ‘ಟ್ರಿಬ್ಯೂಟ್’. ಬದುಕಿಡೀ ಹಾಡು ಬರೆದವರಿಗೆ ಗೌರವ ಸಲ್ಲಿಸಿದವರು ಈ ಸಲ ಸಲ್ಲಿಸಿದ್ದು ತನ್ನ ಉಸಿರಿಗೆ ಉಸಿರು ಕೂಡಿಸಿದವನಿಗೆ.

ಆಕೆಗೆ ಒಂದು ಅಭ್ಯಾಸವಿತ್ತು. ಎಷ್ಟು ದೊಡ್ಡ ಸಭಾಂಗಣವಾದರೂ ಕೊನೆಯ ಹಾಡಿಗೆ ಮೈಕ್ ಪಕ್ಕಕ್ಕಿಡುತ್ತಿದ್ದರು. ಬರೀ ಕಂಠ. ಮೇಲಿನ ಬಾಲ್ಕನಿಯ ಕೊನೆಯ ಸಾಲಿನವರು ಮುಂದಕ್ಕೆ ಬಾಗಿ, ಕೆಮ್ಮು ನುಂಗಿ, ಕಿವಿ ಮಾಡಿಕೊಂಡು ಕೇಳಬೇಕು. ದನಿ ಎತ್ತುತ್ತಿರಲಿಲ್ಲ, ಇಡೀ ಸಭೆಯನ್ನು ಹತ್ತಿರಕ್ಕೆ ಕರೆದುಕೊಳ್ಳುತ್ತಿದ್ದರು. ಎಳೆಯ ಗಾಯಕರಿಗೆ ಪಾಠ ಹೇಳುವಾಗಲೂ ಅದೇ. ಕೈಬೀಸು, ಚಂದದ ಸ್ವರ, ಅಲಂಕಾರ ಎಲ್ಲ ಬಿಡಿಸಿ, ಮೊದಲು ಆ ಮಾತನ್ನು ಒಬ್ಬರಿಗೆ ಹೇಳು ಎನ್ನುವ ದಾರಿಗೆ ತರುತ್ತಿದ್ದರು. ಅದನ್ನು ಓದಿದಾಗ ನನಗೆ ಅಟ್ಲಾಂಟಾದ ಆ ಟೆಲಿಫೋನ್ ನೆನಪಾಯಿತು.

2010ರಲ್ಲಿ, ಎಂಬತ್ತೆರಡರಲ್ಲಿ, ‘ಸಾಂಡ್‌ಹೈಮ್ ಆನ್ ಸಾಂಡ್‌ಹೈಮ್’ಗಾಗಿ ಮತ್ತೆ ಟೋನಿ ಪಟ್ಟಿಯಲ್ಲಿ ಹೆಸರು ಬಂತು. ಮರುವರ್ಷ ಕೆನಡಿ ಸೆಂಟರ್ ಗೌರವ. 2017ರ ಆಗಸ್ಟ್ 8ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಬಾರ್ಬರಾ ಕುಕ್ ಹೋದರು. ನಾನು ಅವರನ್ನು ಕಂಡುಕೊಳ್ಳುವ ಹೊತ್ತಿಗೆ ತಂತಿಯ ಆ ತುದಿ ಮೌನವಾಗಿ ವರ್ಷಗಳೇ ಆಗಿದ್ದವು.

ಎರಡೂವರೆಗೆ ಮತ್ತೆ 1963ರ ಮುದ್ರಣ ಹಚ್ಚಿದೆ. ಮೂವತ್ತೈದರ ಅಮಾಲಿಯಾ ಕಾಗದ ತೆಗೆದಳು, ಒಂದು ಸಾಲು ಬರೆದಳು, ನಿಂತಳು. ಮೊದಲ ಸಲ ಕೇಳಿದಾಗ ಆ ನಿಲುಗಡೆಯನ್ನು ನಾನು ಗಮನಿಸಿಯೇ ಇರಲಿಲ್ಲ. ಈಗ ಅಲ್ಲಿ ಎಪ್ಪತ್ತಮೂರರ ಆ ಹೆಂಗಸು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿದೆ, ಸ್ಪಷ್ಟವಾಗಿ.